ಇಂಗ್ಲಿಷ್ ಎರಡನೇ ಭಾಷೆ ಅಂತೀರಲ್ಲ, ಯಾರಿಗೆ?

ಅಂಡರ್ ಪ್ರೊಟೆಸ್ಟ್. ಎರಡೇ ಎರಡು ಇಂಗ್ಲಿಷ್ ಪದ. ಇದರ ಬೆಲೆ ಎಷ್ಟು ಅಂತ ಯಾರಾದರೂ ಕೇಳಿದರೆ ನಾನು ಕಾರವಾರ ತಾಲೂಕಿನ ಚೆಂಡಿಯಾ ಕಡೆ ಕೈ ತೋರಿಸ್ತೀನಿ.

ಕಾರವಾರದಿಂದ ಅಂಕೋಲಾ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಬಿಣಗಾ, ಅರ್ಗಾ ದಾಟುತ್ತಿದ್ದಂತೆ ಸಿಗುವ ಸೀಮೆ ಇದು. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಸಮುದ್ರ, ನಡುವೆ ಒಂದಿಷ್ಟು ಗದ್ದೆ, ತೆಂಗು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಇಲ್ಲಿ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಸೀಬರ್ಡ್ ಯೋಜನೆ. ಕಾರವಾರ, ಅಂಕೋಲಾ ತಾಲೂಕಿನ ಹದಿಮೂರು ಹಳ್ಳಿಗಳ ನೆಲ ಹೋಯಿತು, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದವು. 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಉದ್ಘಾಟನೆಯಾಯಿತು. ಹೆಸರೇನೋ ಚೆನ್ನಾಗಿದೆ, ಕನ್ನಡದ ಮೊದಲ ರಾಜವಂಶದ್ದು.

ಆಗ ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಬ್ರಿಟಿಷರು ಬರೆದದ್ದು. ಅದರಲ್ಲಿ ಒಂದು ಸಣ್ಣ ಷರತ್ತು ಇತ್ತು. ಸರ್ಕಾರ ಗೊತ್ತು ಮಾಡಿದ ಪರಿಹಾರ ಕಡಿಮೆಯಾಯ್ತು ಅನ್ನಿಸಿದರೆ 18ನೇ ಕಲಮಿನ ಪ್ರಕಾರ ಕೋರ್ಟಿಗೆ ಹೋಗಬಹುದು. ಆದರೆ ದುಡ್ಡು ತಗೊಳ್ಳುವಾಗ ‘ಅಂಡರ್ ಪ್ರೊಟೆಸ್ಟ್’, ಅಂದ್ರೆ ನನ್ನ ಆಕ್ಷೇಪ ಉಳಿಸಿಕೊಂಡೇ ತಗೊಳ್ತಾ ಇದ್ದೀನಿ ಅಂತ ದಾಖಲಿಸಿರಬೇಕು. ಸುಮ್ಮನೆ ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ ಹಣ ತಗೊಂಡ್ರೋ, ಆ ಹಕ್ಕು ಹೋಯ್ತು!

ಅದನ್ನ ಕನ್ನಡದಲ್ಲೇ ಬರೆದರೂ ನಡೀತಿತ್ತು ಅಂತ ವಕೀಲ ಮಿತ್ರರು ಹೇಳ್ತಾರೆ. ಸರಿ. ಆದರೆ ಬರೀಬೇಕು ಅಂತ ಗೊತ್ತಿರಬೇಕಲ್ಲ ಸ್ವಾಮಿ? ಕಾಯ್ದೆ ಇಂಗ್ಲಿಷಿನದು, ವ್ಯಾಖ್ಯಾನ ಇಂಗ್ಲಿಷಿನದು. ಕಾರವಾರದ ಕೋರ್ಟಿನಲ್ಲಿ ಕನ್ನಡದಲ್ಲಿ ಸಾಕ್ಷಿ ಹೇಳಬಹುದು. ಮೇಲೆ ಹೋದರೆ? ಸಂವಿಧಾನದ 348ನೇ ವಿಧಿ ಪ್ರಕಾರ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಇಂಗ್ಲಿಷ್. ಗದ್ದೆ ನಿಮ್ಮದು. ಅದರಲ್ಲಿ ಎಷ್ಟು ಭತ್ತ ಬೆಳೀತಿತ್ತು, ನೀರು ಎಲ್ಲಿಂದ ಬರ್ತಿತ್ತು, ಸಮುದ್ರ ಎಷ್ಟು ದೂರ ಅನ್ನೋದೆಲ್ಲ ನಿಮಗೆ ಅಂಗೈ ರೇಖೆಯಷ್ಟು ಪರಿಚಿತ. ಆದರೆ ಅದೇ ಗದ್ದೆಯ ಬಗ್ಗೆ ಇಬ್ಬರು ಕಪ್ಪು ಕೋಟಿನವರು ಗಂಟೆಗಟ್ಟಲೆ ಮಾತಾಡ್ತಾರೆ, ನಿಮಗೆ ಅರ್ಥವಾಗೋದು ನಿಮ್ಮ ಊರಿನ ಹೆಸರು ಒಂದೇ.

ಇದನ್ನ ಯಾಕೆ ಮೊದಲೇ ಹೇಳಿದೆ ಅಂದ್ರೆ, ಇಂಗ್ಲಿಷ್ ಕಲಿಕೆ ಅಂದ ಕೂಡಲೇ ನಮ್ಮ ಚರ್ಚೆಗಳು ಎಲ್ಲಿಗೋ ಹೋಗಿಬಿಡ್ತವೆ. ಸ್ಟುಡಿಯೋದಲ್ಲಿ ಎಷ್ಟು ಸಲ ಈ ಚರ್ಚೆ ನಡೆಸಿದ್ದೀನೋ! ಒಬ್ಬರು ಕನ್ನಡ ಉಳಿಯಬೇಕು ಅಂತಾರೆ, ಇನ್ನೊಬ್ಬರು ಬಡವರ ಮಕ್ಕಳಿಗೂ ಸಾಫ್ಟ್‌ವೇರ್ ಕೆಲಸ ಬೇಡವಾ ಅಂತಾರೆ. ಇಬ್ಬರೂ ಕೂಗಾಡ್ತಾರೆ, ಬ್ರೇಕ್ ಬರುತ್ತೆ. ಚೆಂಡಿಯಾದ ಮಗು ಆ ಚರ್ಚೆಯಲ್ಲಿ ಇರೋದೇ ಇಲ್ಲ.

ಆ ಮಗುವಿನಿಂದಲೇ ಶುರು ಮಾಡೋಣ. ಸರ್ಕಾರದ ಲೆಕ್ಕದಲ್ಲಿ ಕನ್ನಡ ಪ್ರಥಮ ಭಾಷೆ, ಎಸ್ಸೆಸ್ಸೆಲ್ಸಿಯಲ್ಲಿ 125 ಅಂಕ. ಇಂಗ್ಲಿಷ್ ದ್ವಿತೀಯ, 100. ಹಿಂದಿ ತೃತೀಯ, 100. ಕಾಗದದ ಮೇಲೆ ಬಹಳ ಚೆಂದ. ಆದರೆ ಕಾರವಾರ ಕರಾವಳಿಯ ಮನೆಗಳಲ್ಲಿ ಏನು ಮಾತಾಡ್ತಾರೆ? ಕೋಮಾರಪಂತರ ಮನೆಯಲ್ಲಿ ಕೊಂಕಣಿ. ಖಾರ್ವಿ, ಹರಿಕಂತ್ರರ ಮನೆಯಲ್ಲಿ ಇನ್ನೊಂದು ಬಗೆಯ ಕೊಂಕಣಿ. ಹಾಲಕ್ಕಿ ಒಕ್ಕಲಿಗರದ್ದು ಕನ್ನಡವೇ, ಆದರೆ ಪಠ್ಯಪುಸ್ತಕದ ಕನ್ನಡ ಅಲ್ಲ. ಅಂದ್ರೆ ಇಲ್ಲಿನ ಎಷ್ಟೋ ಮಕ್ಕಳಿಗೆ ಶಾಲೆಯ ಕನ್ನಡವೇ ಎರಡನೇ ಭಾಷೆ. ಇಂಗ್ಲಿಷ್ ಮೂರನೆಯದು. ನೌಕಾನೆಲೆ ಬಂದ ಮೇಲೆ ಪೇಟೆಯಲ್ಲಿ ಹಿಂದಿಯೂ ಕಿವಿಗೆ ಬೀಳುತ್ತೆ, ಅದು ನಾಲ್ಕನೆಯದು. ಆರು ವರ್ಷದ ಮಗು ನಾಲ್ಕು ಭಾಷೆಯ ಚೌಕಟ್ಟಿನಲ್ಲಿ ನಿಂತಿದೆ. ನಾವು ಅದನ್ನ ‘ಹಿಂದುಳಿದ ವಿದ್ಯಾರ್ಥಿ’ ಅಂತೀವಿ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ತಮಾಷೆ ಏನು ಗೊತ್ತಾ? ಇಂಗ್ಲಿಷರು ಕಾರವಾರಕ್ಕೆ ಬಂದದ್ದು ನಮ್ಮ ರಾಜ್ಯದ ಬೇರೆ ಬಹುತೇಕ ಊರುಗಳಿಗಿಂತ ಎಷ್ಟೋ ಮೊದಲು. 1638ರಲ್ಲಿ ವಿಲಿಯಂ ಕೋರ್ಟೀನ್ ಕಡೆಯ ವರ್ತಕರು ಇಲ್ಲಿ ಕೋಠಿ ತೆರೆದರು. ಮೆಣಸಿಗಾಗಿ, ನಯವಾದ ಹತ್ತಿಬಟ್ಟೆಗಾಗಿ. ಬೆಂಗಳೂರಿಗೆ ಇಂಗ್ಲಿಷ್ ಕಾಲಿಡೋದಕ್ಕೆ ಇನ್ನೂ ನೂರೈವತ್ತು ವರ್ಷ ಬಾಕಿ ಇತ್ತು. ಹಾಗಾದರೆ ಕಾರವಾರದವರು ಆಗಲೇ ಇಂಗ್ಲಿಷ್ ಕಲಿತುಬಿಟ್ಟರಾ? ಇಲ್ಲ. ಆ ಕಾಲದ ಕರಾವಳಿಯಲ್ಲಿ ವ್ಯಾಪಾರದ ಪರಭಾಷೆ ಪೋರ್ಚುಗೀಸ್. ಇಂಗ್ಲಿಷರೇ ಹರಕುಮುರುಕು ಪೋರ್ಚುಗೀಸ್‌ನಲ್ಲಿ, ದುಭಾಷಿಗಳ ಬಾಯಲ್ಲಿ ವ್ಯವಹಾರ ಮಾಡ್ತಿದ್ದರು. ಬೇಕಾದವನು ಭಾಷೆ ಕಲೀತಾನೆ. ಮೆಣಸು ಬೇಕಾದದ್ದು ಅವರಿಗೆ!

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಜಿಲ್ಲೆ ಕಂಪನಿ ಕೈಗೆ ಬಂತು, ಥಾಮಸ್ ಮನ್ರೋ ಮೊದಲ ಕಲೆಕ್ಟರ್. ಆಗಲೂ ಕಲಿಯುವ ಕೆಲಸ ಬಿಳಿಯರದ್ದೇ. 1812ರಲ್ಲಿ ಮದ್ರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಶುರುವಾದದ್ದೇ ಕಂಪನಿಯ ಯುವ ಅಧಿಕಾರಿಗಳಿಗೆ ನಮ್ಮ ಭಾಷೆಗಳನ್ನ ಕಲಿಸೋದಕ್ಕೆ. ವಿಲಿಯಂ ರೀವ್ ಅನ್ನೋ ಪಾದ್ರಿ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ಅಚ್ಚು ಹಾಕಿಸಿದರು. ಕಿಟೆಲ್ ಅವರದ್ದು ಬಂದದ್ದು ಅದಾದ ಎಪ್ಪತ್ತು ವರ್ಷಕ್ಕೆ. ಇವನ್ನೆಲ್ಲ ನಾವೀಗ ಕನ್ನಡ ಸೇವೆ ಅಂತ ಕೊಂಡಾಡ್ತೀವಿ, ಕೊಂಡಾಡಬೇಕಾದದ್ದೇ. ಆದರೆ ಆಳುವವನು ಆಳಿಸಿಕೊಳ್ಳುವವನ ಭಾಷೆ ಕಲೀತಿದ್ದ ಕಾಲ ಅದು ಅನ್ನೋದನ್ನೂ ನೆನಪಿಡಿ.

ಚಕ್ರ ತಿರುಗಿದ್ದು 1835ರಲ್ಲಿ. ಮೆಕಾಲೆ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹೇಳಲ್ಲ. 1854ರ ವುಡ್ ವರದಿ ಸ್ವಲ್ಪ ತಿದ್ದುಪಡಿ ಮಾಡಿತು: ಮೇಲ್ಮಟ್ಟದ ವಿದ್ಯೆಗೆ ಇಂಗ್ಲಿಷ್, ಜನಸಾಮಾನ್ಯರಿಗೆ ದೇಶಭಾಷೆ. ಕೇಳೋಕೆ ನ್ಯಾಯವಾಗಿದೆ. ಆದರೆ ‘ಮೇಲ್ಮಟ್ಟ’ ಅನ್ನೋದು ಪೇಟೆಯಲ್ಲಿತ್ತು, ಜನಸಾಮಾನ್ಯ ಚೆಂಡಿಯಾದಲ್ಲಿದ್ದ.

1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡದ ಹತ್ತಿಯನ್ನ ಕಾರವಾರ ಬಂದರಿನಿಂದ ಸಾಗಿಸಬೇಕು ಅನ್ನೋದು ಲೆಕ್ಕಾಚಾರ. ಅಮೆರಿಕದಲ್ಲಿ ಅಂತರ್ಯುದ್ಧ ನಡೀತಿತ್ತು, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇರಲಿಲ್ಲ. ಯಾರದೋ ಗಿರಣಿಗಾಗಿ ನಮ್ಮ ಮಕ್ಕಳ ಪರೀಕ್ಷಾ ಕೇಂದ್ರ ಮದ್ರಾಸಿನಿಂದ ಮುಂಬಯಿಗೆ ಹೋಯಿತು! ಕೊಂಕಣಿ, ಕನ್ನಡ, ಇಂಗ್ಲಿಷಿನ ಜೊತೆಗೆ ಮರಾಠಿಯೂ ಬಂದು ಕೂತಿತು.

ಇಲ್ಲೊಂದು ಸೊಗಸಾದ ಪ್ರಸಂಗ ಇದೆ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ, ನೋಡಿರ್ತೀರಿ. ಅವರ ಅಣ್ಣ ಸತ್ಯೇಂದ್ರನಾಥರು ಐಸಿಎಸ್ ಪಾಸಾದ ಮೊದಲ ಭಾರತೀಯ, ಇಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ ತಮ್ಮ ಬಂದು ಇಲ್ಲೇ ಒಂದು ನಾಟಕ ಬರೆದ. ಎಲ್ಲರೂ ಹೇಳೋದು ಇಷ್ಟನ್ನೇ. ನಾನು ಹೇಳಬೇಕಾದದ್ದು ಅದಕ್ಕೂ ಐದು ವರ್ಷ ಹಿಂದಿನದು. 1878ರಲ್ಲಿ ಹದಿನೇಳರ ರವೀಂದ್ರನನ್ನ ಇಂಗ್ಲೆಂಡಿಗೆ ಕಳಿಸಬೇಕಾಗಿತ್ತು. ಹುಡುಗನಿಗೆ ಇಂಗ್ಲಿಷ್ ಮಾತು ರೂಢಿಯಾಗಬೇಕು. ಅಣ್ಣ ಏನು ಮಾಡಿದರು? ವ್ಯಾಕರಣದ ಮಾಸ್ತರರ ಹತ್ತಿರ ಕಳಿಸಲಿಲ್ಲ. ಮುಂಬಯಿಯಲ್ಲಿ ಡಾಕ್ಟರ್ ಆತ್ಮಾರಾಮ ಪಾಂಡುರಂಗರ ಮನೆಯಲ್ಲಿ ಬಿಟ್ಟರು. ಪ್ರಾರ್ಥನಾ ಸಮಾಜ ಸ್ಥಾಪಿಸಿದವರು ಅವರು. ಇಂಗ್ಲೆಂಡಿನಲ್ಲಿ ಇದ್ದು ಬಂದಿದ್ದ ಅವರ ಮಗಳು ಆನಾ, ಈ ನಾಚಿಕೆ ಹುಡುಗನಿಗೆ ಮಾತಾಡುತ್ತ ಮಾತಾಡುತ್ತ ಇಂಗ್ಲಿಷ್ ರೂಢಿ ಮಾಡಿಸಿದಳು. ಮುಂದೆ ಟಾಗೋರರು ಶಾಂತಿನಿಕೇತನದ ಮಕ್ಕಳಿಗಾಗಿ ತಾವೇ ಇಂಗ್ಲಿಷ್ ಕಲಿಕೆಯ ಪುಸ್ತಕಗಳನ್ನ ಬರೆದರು. ಒಂದರ ಹೆಸರೇ ‘ಶ್ರುತಿಶಿಕ್ಷಾ’. ಕೇಳಿ ಕಲಿಯುವುದು! ಮಾತೃಭಾಷೆಯಲ್ಲಿ ಶಿಕ್ಷಣ ಆಗಬೇಕು ಅಂತ ಜೀವಮಾನವಿಡೀ ವಾದಿಸಿದ ಮನುಷ್ಯ, ಇಂಗ್ಲಿಷ್ ಹೇಗೆ ಕಲಿಸಬೇಕು ಅಂತಲೂ ತಲೆ ಕೆಡಿಸಿಕೊಂಡಿದ್ದರು. ನಮ್ಮ ಸ್ಟುಡಿಯೋ ಚರ್ಚೆಯಲ್ಲಿ ಇವೆರಡು ಒಂದೇ ಕುರ್ಚಿಯಲ್ಲಿ ಯಾವತ್ತೂ ಕೂತಿದ್ದಿಲ್ಲ.

ಟಾಗೋರರ ಮನೆತನದಲ್ಲಿ ಅಣ್ಣನೇ ಐಸಿಎಸ್. ಚೆಂಡಿಯಾದ ಹುಡುಗನಿಗೆ? ಆಗಿನ ಮುಂಬಯಿ ಪ್ರಾಂತ್ಯದ ವ್ಯವಸ್ಥೆ ಹೀಗಿತ್ತು. ನಾಲ್ಕನೇ ಇಯತ್ತೆ ಆದ ಮೇಲೆ ದಾರಿ ಎರಡು. ಪೇಟೆಯ ಇಂಗ್ಲಿಷ್ ಶಾಲೆಗೆ ಹೋದರೆ ಮ್ಯಾಟ್ರಿಕ್, ಅಲ್ಲಿಂದ ಕಾಲೇಜು, ಗುಮಾಸ್ತಿಕೆ, ವಕೀಲಿ. ಹಳ್ಳಿಯ ಕನ್ನಡ ಶಾಲೆಯಲ್ಲೇ ಉಳಿದರೆ ಏಳನೆಯದು, ಮುಲ್ಕಿ ಪರೀಕ್ಷೆ, ಅಲ್ಲಿಗೆ ಮುಗೀತು. ಈ ಎರಡನೇ ದಾರಿಯಲ್ಲಿ ಇಂಗ್ಲಿಷ್ ಅಕ್ಷರ ಇರಲಿಲ್ಲ. ಒಂಬತ್ತು–ಹತ್ತು ವರ್ಷದ ಮಗುವಿನ ಹಣೆಬರಹ ಪೇಟೆ ಎಷ್ಟು ದೂರ ಅನ್ನೋದರ ಮೇಲೆ ನಿಂತಿತ್ತು.

ಸ್ವಾತಂತ್ರ್ಯ ಬಂತು. ಮುಂಬಯಿಯಲ್ಲಿ ಬಿ.ಜಿ. ಖೇರ್ ಸರ್ಕಾರ. ಖೇರ್ ಗಾಂಧಿವಾದಿ, ಸಜ್ಜನ. ಈ ಎರಡು ದಾರಿಯ ಅನ್ಯಾಯ ಅವರಿಗೆ ಕಂಡಿತು. ಪರಿಹಾರ ಏನು ಮಾಡಿದರು? ಐದು, ಆರು, ಏಳನೇ ತರಗತಿಗಳಿಂದ ಇಂಗ್ಲಿಷನ್ನೇ ತೆಗೆದರು. ಎಲ್ಲರಿಗೂ ಎಂಟನೆಯಿಂದ ಶುರು. ಉದ್ದೇಶ ಸಮಾನತೆ, ಅನುಮಾನ ಬೇಡ. ಆದರೆ ಎಂಟನೇ ತರಗತಿ ಎಲ್ಲಿತ್ತು? ಹೈಸ್ಕೂಲಿನಲ್ಲಿ. ಹೈಸ್ಕೂಲು ಎಲ್ಲಿತ್ತು? ಪೇಟೆಯಲ್ಲಿ! ಹಳ್ಳಿಯಲ್ಲಿ ಏಳಕ್ಕೆ ನಿಂತ ಮಗುವಿಗೆ ಇಂಗ್ಲಿಷಿನ ಎ ಕೂಡ ಸಿಗಲಿಲ್ಲ. ದುಡ್ಡಿದ್ದವರು ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಹೋದರು. ಅದನ್ನೂ ತಡೆಯೋಣ ಅಂತ 1954ರ ಜನವರಿ 6ರಂದು ಮುಂಬಯಿ ಸರ್ಕಾರ ಒಂದು ಆದೇಶ ಹೊರಡಿಸಿತು: ಆಂಗ್ಲೋ ಇಂಡಿಯನ್ನರು ಮತ್ತು ಏಷ್ಯಾದವರಲ್ಲದ ಮಕ್ಕಳನ್ನ ಬಿಟ್ಟು ಬೇರೆ ಯಾರನ್ನೂ ಆ ಶಾಲೆಗಳು ಸೇರಿಸಿಕೊಳ್ಳಬಾರದು. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನ ಹೊಡೆದುಹಾಕಿತು. ಮುಂದೆ 2014ರಲ್ಲಿ ಕರ್ನಾಟಕಕ್ಕೆ ಆದ ಮುಖಭಂಗದ ಮೊದಲ ಪ್ರಯೋಗ ಅರವತ್ತು ವರ್ಷ ಮೊದಲೇ ಆಗಿಹೋಗಿತ್ತು. ಇತಿಹಾಸ ಓದದೇ ಇದ್ದರೆ ವಕೀಲರ ಫೀಸು ಎರಡೆರಡು ಸಲ ಕಟ್ಟಬೇಕಾಗುತ್ತೆ.

ಅದೇ ಹೊತ್ತಿಗೆ ಉತ್ತರ ಕನ್ನಡದಲ್ಲಿ ಒಬ್ಬ ಮನುಷ್ಯ ಆದೇಶ ಹೊರಡಿಸಲಿಲ್ಲ, ಶಾಲೆ ಕಟ್ಟಿದರು. ಅಂಕೋಲಾದ ದಿನಕರ ದೇಸಾಯಿ. ಚುಟುಕು ಕವಿ ಅಂತ ನಿಮಗೆ ಗೊತ್ತು. ರೈತ ಹೋರಾಟಗಾರ, 1967ರಿಂದ ಸಂಸದ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಮಾಡಿ ಜಿಲ್ಲೆಯ ಹಳ್ಳಿಗಳ ಕಡೆಗೆ ಹೈಸ್ಕೂಲುಗಳನ್ನ ಒಯ್ದರು. 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಶತಮಾನೋತ್ಸವ ಕಾಲೇಜು. ನನ್ನನ್ನ ಕೇಳಿದರೆ ಈ ಜಿಲ್ಲೆಯ ಇಂಗ್ಲಿಷ್ ಕಲಿಕೆಯ ಇತಿಹಾಸದಲ್ಲಿ ಮೆಕಾಲೆಗಿಂತ ದೊಡ್ಡ ಹೆಸರು ದಿನಕರ ದೇಸಾಯರದ್ದು. ಬಾಗಿಲು ಎಷ್ಟನೇ ತರಗತಿಗೆ ಇಡಬೇಕು ಅಂತ ಎಲ್ಲರೂ ಜಗಳ ಆಡ್ತಿದ್ದಾಗ ಅವರು ಬಾಗಿಲನ್ನೇ ಊರ ಹತ್ತಿರ ತಂದು ನಿಲ್ಲಿಸಿದರು.

1956ರ ನವೆಂಬರ್ 1. ಏಕೀಕರಣ. ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆಮೇಲೆ ಇಂಗ್ಲಿಷಿನ ಬಾಗಿಲು ಐದನೇ ತರಗತಿಗೆ ಇಳಿಯಿತು. ಸಂತೋಷವೇ. ಆದರೆ ಐದನೇ ತರಗತಿಗೆ ಕಲಿಸೋರು ಯಾರು? ಪ್ರಾಥಮಿಕ ಶಾಲೆಯ ಮಾಸ್ತರರು. ಹಳ್ಳಿಗಳಲ್ಲಿ ಆಗ ಎಷ್ಟೋ ಮಂದಿ ಮಾಸ್ತರರು ಮುಲ್ಕಿ ಪಾಸಾದವರು. ಮುಲ್ಕಿಯಲ್ಲಿ ಇಂಗ್ಲಿಷೇ ಇರಲಿಲ್ಲ ಅಂತ ಈಗಷ್ಟೇ ಹೇಳಿದೆನಲ್ಲ? ಈಜು ಬಾರದವರನ್ನ ದಡದಲ್ಲಿ ನಿಲ್ಲಿಸಿ ಈಜು ಕಲಿಸಿ ಅಂದ ಹಾಗಾಯಿತು. ತಪ್ಪು ಮಾಸ್ತರರದ್ದಲ್ಲ. ಅವರು ಗೈಡು ನೋಡಿ, ಪದದ ಪಕ್ಕ ಕನ್ನಡ ಅರ್ಥ ಬರೆಸಿ, ಉಕ್ತಲೇಖನ ಕೊಟ್ಟು, ಬಾಯಿಪಾಠ ಮಾಡಿಸಿ ಮರ್ಯಾದೆ ಉಳಿಸಿಕೊಂಡರು. ಆ ಪದ್ಧತಿ ಇವತ್ತಿಗೂ ಹೋಗಿಲ್ಲ.

1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾಯಿತು, ಶಿಕ್ಷಕರ ತರಬೇತಿಗೆ. ಆ ಕಾಲದ ಫ್ಯಾಷನ್ ‘ಸ್ಟ್ರಕ್ಚರಲ್’ ವಿಧಾನ. ಒಂದೊಂದೇ ವಾಕ್ಯದ ಅಚ್ಚು ತಗೊಂಡು ಅರೆಯುವುದು. ನಾನೂ ಕನ್ನಡ ಮಾಧ್ಯಮದವನು, ಐದನೆಯಲ್ಲಿ ಎಬಿಸಿಡಿ ಕಂಡವನು. ‘ದಿಸ್ ಈಸ್ ಎ ಪೆನ್’ ಅಂತ ವರ್ಷವಿಡೀ ಕೂಗಿದ್ದೀನಿ. ಪೆನ್ನು ಎಲ್ಲರ ಕಣ್ಣಿಗೂ ಕಾಣ್ತಾ ಇತ್ತು. ಅದು ಪೆನ್ನು ಅಂತ ಯಾರಿಗೆ ಹೇಳಬೇಕಾಗಿತ್ತು ಅಂತ ಇವತ್ತಿಗೂ ಗೊತ್ತಾಗಿಲ್ಲ. ಹೈಸ್ಕೂಲಿಗೆ ಬಂದರೆ ರೆನ್ ಅಂಡ್ ಮಾರ್ಟಿನ್ ವ್ಯಾಕರಣ. ಆ ರೆನ್ ಸಾಹೇಬರು ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲೇ ಇದ್ದವರು, ಆಮೇಲೆ ‘ಬೋ ಜೆಸ್ಟ್’ ಅನ್ನೋ ಸಾಹಸ ಕಾದಂಬರಿ ಬರೆದು ಜಗತ್ಪ್ರಸಿದ್ಧರಾದರು. ಕಥೆ ಅವರು ಓದುಗರಿಗೆ ಕೊಟ್ಟರು, ನಮಗೆ ಕೊಟ್ಟದ್ದು ಪ್ಯಾಸಿವ್ ವಾಯ್ಸ್!

ಈಗ ಬರುತ್ತೆ ನೋಡಿ ನಿಜವಾದ ಸುದ್ದಿ. ಇಂಗ್ಲಿಷ್ ಎರಡನೇ ಭಾಷೆಯಾಗಿ ಹೇಗೆ ಕಲಿಸಬೇಕು ಅನ್ನೋದಕ್ಕೆ ಜಗತ್ತಿಗೇ ಒಂದು ಹೊಸ ದಾರಿ ತೋರಿಸಿದ ಪ್ರಯೋಗ ನಡೆದದ್ದು ಲಂಡನ್ನಿನಲ್ಲಲ್ಲ. ನಮ್ಮ ಬೆಂಗಳೂರಿನಲ್ಲಿ. 1979ರಲ್ಲಿ ಎನ್.ಎಸ್. ಪ್ರಭು ಅನ್ನೋ ವಿದ್ವಾಂಸರು ಬೆಂಗಳೂರು, ಮದ್ರಾಸ್ ಮುಂತಾದ ಕಡೆಯ ಕೆಲವು ಸಾಮಾನ್ಯ ಶಾಲೆಗಳಲ್ಲಿ ಐದು ವರ್ಷ ಒಂದು ಪ್ರಯತ್ನ ಮಾಡಿದರು. ವ್ಯಾಕರಣದ ಪಾಠ ಇಲ್ಲ, ಅಚ್ಚು ಅರೆಯೋದಿಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಇಡೋದು. ಇಷ್ಟು ಗಂಟೆಗೆ ಅಲ್ಲಿ ಇರಬೇಕಾದರೆ ಯಾವ ರೈಲು ಹತ್ತಬೇಕು? ನಕ್ಷೆ ಇಡೋದು. ಇಲ್ಲಿಂದ ಅಲ್ಲಿಗೆ ಹತ್ತಿರದ ದಾರಿ ಯಾವುದು? ಮಗುವಿನ ಗಮನ ಸಮಸ್ಯೆ ಬಿಡಿಸೋದರ ಮೇಲೆ. ಇಂಗ್ಲಿಷ್ ಅದರ ಜೊತೆಜೊತೆಗೆ ಒಳಗೆ ಇಳಿಯುತ್ತೆ ಅನ್ನೋದು ಪ್ರಭು ಅವರ ನಂಬಿಕೆ. 1987ರಲ್ಲಿ ಅದರ ಪುಸ್ತಕ ಬಂತು. ಇವತ್ತು ಚೀನಾದಿಂದ ಬ್ರೆಜಿಲ್ ತನಕ ಇಂಗ್ಲಿಷ್ ಮಾಸ್ತರರ ತರಬೇತಿಯಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಅಂತ ಒಂದು ಪಾಠ ಇದ್ದೇ ಇರುತ್ತೆ. ನಮ್ಮ ಟೀವಿಯಲ್ಲಿ ಒಂದೇ ಒಂದು ದಿನ ಅದು ಸುದ್ದಿಯಾಗಲಿಲ್ಲ. ಅದರಲ್ಲಿ ನನ್ನ ಪಾಲೂ ಇದೆ, ಒಪ್ಕೊಳ್ತೀನಿ.

ಯಾಕೆ ಸುದ್ದಿಯಾಗಲಿಲ್ಲ ಅಂದ್ರೆ, ಆಗ ಕರ್ನಾಟಕ ಬೇರೆ ಬಿಸಿಯಲ್ಲಿತ್ತು. 1980ರಲ್ಲಿ ಗೋಕಾಕ್ ಸಮಿತಿ, ಮರುವರ್ಷ ವರದಿ, 1982ರಲ್ಲಿ ರಾಜಕುಮಾರ್ ಬೀದಿಗಿಳಿದ ಚಳವಳಿ. ಹೆಮ್ಮೆಯ ಚಳವಳಿ, ಎರಡು ಮಾತಿಲ್ಲ. ಆದರೆ ವಿನಾಯಕ ಕೃಷ್ಣ ಗೋಕಾಕರು ಯಾರು? ಆಕ್ಸ್‌ಫರ್ಡಿನಲ್ಲಿ ಓದಿದ ಇಂಗ್ಲಿಷ್ ಪ್ರಾಧ್ಯಾಪಕರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಇಂಗ್ಲಿಷ್ ಕಲಿಸುವ ವಿದ್ಯೆಯನ್ನ ಅರೆದು ಕುಡಿದಿದ್ದ ಮನುಷ್ಯನೇ ಕನ್ನಡ ಮೊದಲಿರಲಿ ಅಂದದ್ದು. ಅವರು ಇಂಗ್ಲಿಷಿನ ವಿರೋಧಿ ಅಂತ ತಿಳಿದವರು ಇವತ್ತಿಗೂ ಇದ್ದಾರೆ.

ಮುಂದಿನದ್ದು ಬೇಗ ಹೇಳ್ತೀನಿ. 1994ರ ಆದೇಶ, ನಾಲ್ಕನೇ ತನಕ ಮಾತೃಭಾಷೆ ಇಲ್ಲವೇ ಕನ್ನಡ ಮಾಧ್ಯಮ. ಇಪ್ಪತ್ತು ವರ್ಷ ಕೋರ್ಟು. 2014ರ ಮೇ 6ಕ್ಕೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮ ಆರಿಸಿಕೊಳ್ಳೋದು ಪೋಷಕರ ಹಕ್ಕು ಅಂದಿತು. ಅಷ್ಟರಲ್ಲಿ 2007ರಿಂದ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತ್ತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ. ಎಂಟರಿಂದ ಐದು, ಐದರಿಂದ ಒಂದು. ಎಪ್ಪತ್ತು ವರ್ಷ ನಾವು ಮಾಡಿದ್ದು ಇದನ್ನೇ: ಬಾಗಿಲನ್ನ ಒಂದು ತರಗತಿಯಿಂದ ಇನ್ನೊಂದಕ್ಕೆ ಎಳೆದಾಡಿದ್ದು. ಒಳಗೆ ಹೋದ ಮಗುವಿಗೆ ಮೊದಲೇ ಏನು ಬರುತ್ತೆ ಅಂತ ಕೇಳಲಿಲ್ಲ.

ಒಂದು ಸಣ್ಣ ಉದಾಹರಣೆ. ಕನ್ನಡದಲ್ಲಿ ‘ನನಗೆ ಹಸಿವಾಗಿದೆ’ ಅಂತೀವಿ. ಕೊಂಕಣಿಯಲ್ಲಿ ‘ಮ್ಹಾಕಾ ಭೂಕ ಲಾಗ್ಲ್ಯಾ’. ಎರಡರಲ್ಲೂ ಹಸಿವು ನನಗೆ ಆಗುತ್ತೆ. ಇಂಗ್ಲಿಷಿನಲ್ಲಿ? ‘ಐ ಆಮ್ ಹಂಗ್ರಿ’. ಅಲ್ಲಿ ‘ನನಗೆ’ ಹೋಗಿ ‘ನಾನು’ ಬಂತು. ಶೀತ, ಸಿಟ್ಟು, ಇಷ್ಟ, ನೆನಪು, ಎಷ್ಟೋ ಕಡೆ ಇದೇ ಕಥೆ. ಚೆಂಡಿಯಾದ ಮಗುವಿಗೆ ಕೊಂಕಣಿ, ಕನ್ನಡ ಎರಡೂ ಗೊತ್ತು. ‘ನೋಡು, ನಿನ್ನ ಎರಡು ಭಾಷೆ ಹೀಗೆ ಹೇಳ್ತವೆ, ಇದೊಂದು ಮಾತ್ರ ಹಾಗೆ ಹೇಳುತ್ತೆ’ ಅಂದರೆ ಐದು ನಿಮಿಷದಲ್ಲಿ ಹಿಡಿದುಬಿಡುತ್ತೆ. ಎರಡು ಭಾಷೆಗಳ ನಡುವೆ ದಿನಾ ಓಡಾಡುವ ಮಗು ಅದು, ಮೂರನೆಯದಕ್ಕೆ ಹೆದರಬೇಕಾಗಿಲ್ಲ. ಆದರೆ ಪಠ್ಯಪುಸ್ತಕ ಬೆಂಗಳೂರಿನಲ್ಲಿ ತಯಾರಾಗುತ್ತೆ, ಅಲ್ಲಿ ಕೊಂಕಣಿ ಅನ್ನೋದು ಕಾಣೋದೇ ಇಲ್ಲ. ‘ಮನೆಯಲ್ಲಿ ಕೊಂಕಣಿ ಬಿಡಿ, ಇಂಗ್ಲಿಷ್ ಮಾತಾಡಿ’ ಅಂತ ಪೋಷಕರಿಗೆ ಬುದ್ಧಿ ಹೇಳೋದು ಬೇರೆ!

ಸೀಬರ್ಡ್ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಅದೇ 1894ರ ಕಾಯ್ದೆಗೆ 1984ರಲ್ಲಿ 28ಎ ಅಂತ ಒಂದು ಕಲಮು ಸೇರಿತ್ತು. ಕೋರ್ಟಿಗೆ ಹೋಗದೇ ಇದ್ದವರಿಗೂ ಒಂದು ಕಿಂಡಿ. ಅದೇ ಅಧಿಸೂಚನೆಯಲ್ಲಿ ಜಮೀನು ಕಳಕೊಂಡ ಪಕ್ಕದವರಿಗೆ ಕೋರ್ಟು ಹೆಚ್ಚು ಪರಿಹಾರ ಕೊಟ್ಟರೆ, ಆ ತೀರ್ಪು ಬಂದ ಮೂರು ತಿಂಗಳೊಳಗೆ ಇವರೂ ಅರ್ಜಿ ಹಾಕಬಹುದು. ಮೂರು ತಿಂಗಳು! ತೀರ್ಪು ಬಂತು ಅಂತ ಗೊತ್ತಾಗಬೇಕು, ಅದರಲ್ಲಿ ಏನಿದೆ ಅಂತ ತಿಳೀಬೇಕು. ಪರಿಹಾರದ ಈ ಜಗಳ ವರ್ಷಗಟ್ಟಲೆ ನಡೆದು ಸುಪ್ರೀಂ ಕೋರ್ಟಿನ ತನಕ ಹೋಯಿತು. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟ್ ಪೀಠ ಬರೋ ತನಕ ಮೇಲ್ಮನವಿ ಅಂದ್ರೆ ಬೆಂಗಳೂರಿಗೇ ಬಸ್ಸು ಹತ್ತಬೇಕು, ರಾತ್ರಿಯಿಡೀ ಪ್ರಯಾಣ.

ಈಗ ಆ ಕಡೆಯ ಪುನರ್ವಸತಿ ಕಾಲೋನಿಗಳಿಗೆ ಹೋಗಿ ಕೂತು ಮಾತಾಡಿಸಿ. ಕೊಂಕಣಿಯಲ್ಲೋ ಕನ್ನಡದಲ್ಲೋ ಮಾತು ಶುರುವಾಗುತ್ತೆ. ಎರಡನೇ ವಾಕ್ಯಕ್ಕೇ ಬರುತ್ತೆ ‘ನೋಟಿಫಿಕೇಶನ್’. ಆಮೇಲೆ ‘ಅವಾರ್ಡ್’, ‘ಅಪೀಲು’, ‘ಸ್ಟೇ’, ‘ಎನ್‌ಹಾನ್ಸ್‌ಮೆಂಟು’. ‘ನಂದು ಹದಿನೆಂಟು, ತಮ್ಮಂದು ಇಪ್ಪತ್ತೆಂಟು ಎ’. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯಂದಿರೂ ಈ ಮಾತುಗಳನ್ನ ಎಲ್ಲಿ ಹಾಕಬೇಕೋ ಅಲ್ಲೇ ಹಾಕ್ತಾರೆ. ಯಾರೂ ಅರ್ಥ ಬರೆಸಿಲ್ಲ, ಉಕ್ತಲೇಖನ ಕೊಟ್ಟಿಲ್ಲ. ಎನ್.ಎಸ್. ಪ್ರಭು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಇಟ್ಟರು. ಇವರ ಮುಂದೆ ಇದ್ದದ್ದು ಹೋದ ಗದ್ದೆಯ ಕಾಗದ.